ಸೆಟ್ ಒತ್ತಿದ್ರೆ ಗಾಳಿ ತುಂಬುತ್ತಾ?

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ ಜಾಸ್ತಿ ಅಂತ ಹೇಳಬಹುದು, ಆದ್ರೆ ನಿಜವಾದ ಕಾರಣ ಸೋಮಾರಿತನ. ಇವತ್ತು ಬರೆಯೋಕೆ ಕೂತಿರೋದು ಒಂದು ಹಳದಿ ಲೈಟಿನ ಬಗ್ಗೆ.

ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಕುವೆಂಪುನಗರದ ಮನೆ ಮುಂದೆ ಕಾರು ಸ್ಟಾರ್ಟ್ ಮಾಡಿ ಹೊರಟಿದ್ದೆ. ಸ್ವಲ್ಪ ದೂರ ಹೋಗೋಷ್ಟರಲ್ಲಿ ಮೀಟರ್ ಬೋರ್ಡಿನಲ್ಲಿ ಹಳದಿ ಲೈಟು ಬಂತು. ಕುದುರೆ ಲಾಳದಂಥ ಚಿತ್ರ, ನಡುವೆ ಒಂದು ಆಶ್ಚರ್ಯಸೂಚಕ. ಟೈರಿನ ಗಾಳಿ ಕಾಯೋ ವ್ಯವಸ್ಥೆ, ಟಿಪಿಎಂಎಸ್ ಅಂತಾರಲ್ಲ, ಅದರದ್ದು. ಪಕ್ಕದಲ್ಲಿ ಕೂತಿದ್ದ ಅಪ್ಪ "ಗಾಳಿ ನೋಡ್ಸೋ" ಅಂದ್ರು. ನಾನು ಬಿಡ್ತೀನಾ? ಪಿಯುಸಿ ಫಿಸಿಕ್ಸ್ ಶುರು ಮಾಡಿದೆ. ಚಳಿಗೆ ಗಾಳಿಯ ಒತ್ತಡ ಇಳಿಯುತ್ತೆ ಅಪ್ಪ, ಇದು ಸುಳ್ಳು ಅಲಾರಂ, ಅಂತ ಹೇಳಿ, ಸ್ಟೀರಿಂಗ್ ಪಕ್ಕದ ಸೆಟ್ ಬಟನ್ ಒತ್ತಿ ಹಿಡಿದೆ. ಲೈಟು ಹೋಯ್ತು. ಅಪ್ಪನೂ ಸುಮ್ಮನಾದ್ರು.

ಯಾರಿಗೆ ಪಾಠ ಹೇಳ್ತಿದ್ದೆ ಗೊತ್ತಾ? ಅಪ್ಪ ರಿಟೈರ್ ಆಗೋವರೆಗೂ ಮೇಟಗಳ್ಳಿಯ ವಿಕ್ರಾಂತ್ ಟೈರ್ ಫ್ಯಾಕ್ಟರಿಯಲ್ಲಿ ಇದ್ದವರು. 1997ರಲ್ಲಿ ಅದು ಜೆ.ಕೆ. ಟೈರ್ ಕೈಗೆ ಹೋಯ್ತು, ಆದ್ರೆ ನಮ್ಮನೇಲಿ ಅದು ಈಗಲೂ ವಿಕ್ರಾಂತೇ.

ಸಂಕ್ರಾಂತಿಗೆ ಮುಂಚೆ ಅಕ್ಕನನ್ನೂ ಅವಳ ಮಗುವನ್ನೂ ಬೆಂಗಳೂರಿಗೆ ಬಿಟ್ಟು ಬಂದೆ. 2023ರಲ್ಲಿ ಆದ ಹೊಸ ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಅದರಲ್ಲಿ ನೂರರಲ್ಲಿ ಹೋದ್ವಿ. ಲೈಟು ಬರಲಿಲ್ಲ. ಹಬ್ಬ ಕಳೆದ ಮೇಲೆ ಒಂದು ದಿನ ಮತ್ತೆ ಬಂತು. ಮತ್ತೆ ಸೆಟ್ ಒತ್ತಿದೆ.

ಜನವರಿ ಕೊನೆಗೆ ಅವರನ್ನ ವಾಪಸ್ ಕರ್ಕೊಂಡು ಬರೋದಿತ್ತು. ಹಿಂದಿನ ಸಂಜೆ ರಿಂಗ್ ರೋಡ್ ಬಂಕಿನಲ್ಲಿ ಡೀಸೆಲ್ ಹಾಕಿಸಿದೆ. ಗಾಳಿ ಮೆಷಿನ್ ಖಾಲಿ ಇತ್ತು ಅಂತ ಕಾರು ಅಲ್ಲಿಗೆ ತಿರುಗಿಸಿದೆ, ಅಷ್ಟೇ. ಮೂರು ಟೈರು 31 ತೋರಿಸ್ತು. ಹಿಂದಿನ ಎಡಗಡೆಯದು 19! ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ 33 ಅಂತ ಇದೆ.

ಬೋಗಾದಿ ಕಡೆ ಒಂದು ಪಂಕ್ಚರ್ ಅಂಗಡಿಗೆ ಹೋದೆ. ಅವರು ಟೈರಿಗೆ ಸೋಪಿನ ನೀರು ಹಾಕಿ ಸುತ್ತಿಸಿದ್ರು. ಮೊಳೆ ಇಲ್ಲ, ತೂತಿಲ್ಲ. ಕೊನೆಗೆ ವಾಲ್ವ್ ಬಾಯಿಗೆ ಒಂದು ಹನಿ ಬಿಟ್ರು. ಒಂದು ಗುಳ್ಳೆ ನಿಧಾನವಾಗಿ ಉಬ್ಬಿ ಒಡೀತು, ಮತ್ತೊಂದು ಉಬ್ತು. ವಾಲ್ವ್ ಪಿನ್ ಹೋಗಿತ್ತು.

"ಲೈಟ್ ಬರ್ಲಿಲ್ವಾ ಸಾರ್?"

"ಬಂತು. ಸೆಟ್ ಮಾಡ್ದೆ."

"ಸೆಟ್ ಒತ್ತಿದ್ರೆ ಗಾಳಿ ತುಂಬುತ್ತಾ ಸಾರ್?"

ಉತ್ತರ ಇರಲಿಲ್ಲ. ರಾತ್ರಿ ಕೂತು ಮ್ಯಾನ್ಯುಯಲ್ ಓದಿದೆ (ಕಾರು ತಗೊಂಡು ಒಂದು ವರ್ಷದ ಮೇಲೆ, ನಗಬೇಡಿ). ಟಿಪಿಎಂಎಸ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಚಕ್ರದೊಳಗೂ ಬ್ಯಾಟರಿ ಇರೋ ಸೆನ್ಸರ್ ಇರುತ್ತೆ, ಒತ್ತಡ ಅಳೆದು ರೇಡಿಯೋದಲ್ಲಿ ಕಳಿಸುತ್ತೆ. ನನ್ನದು ಎರಡನೇ ಜಾತಿ. ಅದು ಗಾಳಿಯನ್ನ ಅಳೆಯೋದೇ ಇಲ್ಲ! ಗಾಳಿ ಕಮ್ಮಿಯಾದ ಟೈರು ಕುಗ್ಗುತ್ತೆ, ಕುಗ್ಗಿದ ಚಕ್ರ ಅದೇ ದೂರಕ್ಕೆ ಉಳಿದವುಗಳಿಗಿಂತ ಚೂರು ಜಾಸ್ತಿ ಸುತ್ತುತ್ತೆ. ಎಬಿಎಸ್ ಬ್ರೇಕಿಗೆ ಅಂತ ಇರೋ ಸೆನ್ಸರ್‌ಗಳು ಆ ವ್ಯತ್ಯಾಸ ಹಿಡೀತವೆ. ಸೆಟ್ ಒತ್ತೋದು ಅಂದ್ರೆ "ಈಗಿರೋದೇ ಸರಿಯಾದ ಗಾಳಿ, ಇದನ್ನ ನೆನಪಿಟ್ಟುಕೋ" ಅಂತ ಹೇಳೋದು. ನಾನು ಎರಡು ಸಲ ಅದಕ್ಕೆ ಸುಳ್ಳು ಕಲಿಸಿದ್ದೆ.

ಇನ್ನು ನನ್ನ ಫಿಸಿಕ್ಸ್. ಮಧ್ಯಾಹ್ನ 28 ಡಿಗ್ರಿ, ಬೆಳಗ್ಗೆ 16 ಅಂದ್ಕೊಂಡ್ರೂ ಇಳಿಯೋದು ಹೆಚ್ಚುಕಮ್ಮಿ 2 ಪಿಎಸ್‌ಐ. ಅದೂ ನಾಲ್ಕೂ ಟೈರಿನಲ್ಲಿ ಒಟ್ಟಿಗೆ ಇಳಿಯುತ್ತೆ. ಚಳಿಗೆ ಒಂದೇ ಟೈರಿಗೆ ನೆಗಡಿ ಆಗುತ್ತಾ? ಕಾಗದ ಪೆನ್ನು ಹಿಡಿದು ಎರಡು ನಿಮಿಷ ಲೆಕ್ಕ ಮಾಡಿದ್ರೆ ಅವತ್ತೇ ಗೊತ್ತಾಗೋದು. ಸೂತ್ರ ನನಗೆ ಬೇಕಾದಷ್ಟು ದೂರ ಮಾತ್ರ ಹೋಗಿದ್ದೆ. ಆಫೀಸಲ್ಲೂ ಸರ್ವರ್ ಅಲರ್ಟ್ ಪದೇ ಪದೇ ಬಂದ್ರೆ ಮಿತಿಯನ್ನ ಸ್ವಲ್ಪ ಏರಿಸಿ ಸುಮ್ಮನಾಗ್ತೀವಿ. ಆದ್ರೆ ಸರ್ವರ್ ಬಿದ್ರೆ ಒಂದು ಮೇಲ್ ಬರುತ್ತೆ, ಅಷ್ಟೇ.

ಅಮೆರಿಕದಲ್ಲಿ 2000ರಲ್ಲಿ ಫೈರ್‌ಸ್ಟೋನ್ ಟೈರುಗಳ ಅಪಘಾತಗಳ ಗಲಾಟೆ ಆದ ಮೇಲೇ ಇದನ್ನ ಹೊಸ ಕಾರುಗಳಿಗೆ ಕಡ್ಡಾಯ ಮಾಡೋ ಕಾನೂನು ತಂದಿದ್ದು. ನಮ್ಮಲ್ಲಿ 2020ರಿಂದ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಟಿಪಿಎಂಎಸ್ ಇದ್ರೆ ಸ್ಟೆಪ್ನಿ ಇಲ್ಲದೇನೂ ಕಾರು ಮಾರಬಹುದು. ಸದ್ಯ, ನನ್ನ ಹತ್ರ ಸ್ಟೆಪ್ನಿ ಇತ್ತು.

ಯಾಕಂದ್ರೆ ಪಿನ್ ಹಾಕಿಸಿ ಅಲ್ಲಿಗೆ ಮುಗೀಲಿಲ್ಲ. ಅಂಗಡಿಯವರು ಅನುಮಾನ ಬಂದು ಟೈರನ್ನ ರಿಮ್‌ನಿಂದ ಬಿಚ್ಚಿ, ಒಳಗೆ ಕೈ ಆಡಿಸಿ ಹೊರಗೆ ತೆಗೆದ್ರು. ಅಂಗೈ ತುಂಬಾ ಕಪ್ಪು ಪುಡಿ. ಗಾಳಿ ಕಮ್ಮಿಯಿದ್ದಾಗ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ, ಕಾದು, ಒಳಗಿನ ರಬ್ಬರ್ ತಾನೇ ಸವೆದು ಉದುರಿದ್ದು. "ಇದನ್ನ ಹಾಕ್ಬೇಡಿ ಸಾರ್" ಅಂದ್ರು.

ಸ್ಟೆಪ್ನಿ ಹಾಕಿಸಿ, ಹಳೇ ಟೈರನ್ನ ಡಿಕ್ಕಿಯಲ್ಲಿ ಮನೆಗೆ ತಂದೆ. ಅಪ್ಪ ಗೇಟಿನ ಲೈಟ್ ಕೆಳಗೆ ಕೂತು ಒಳಗೆಲ್ಲ ಸವರಿ ನೋಡಿದ್ರು. ಪುಡಿಯನ್ನ ಎರಡು ಬೆರಳಲ್ಲಿ ಉಜ್ಜಿದ್ರು. ಬೈತಾರೆ ಅಂತ ಕಾಯ್ತಾ ನಿಂತಿದ್ದೆ.

"ಅವತ್ತು ಮಗು ಯಾವ ಕಡೆ ಕೂತಿತ್ತು?"

"ಹಿಂದೆ... ಎಡಗಡೆ."

ಅಪ್ಪ ಎದ್ದು ಕೈ ತೊಳೆಯೋಕೆ ಹೋದ್ರು.

ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿ ರೈಲಲ್ಲಿ ಬಾ ಅಂದೆ. ಯಾಕೆ ಅಂತ ಕೇಳಿದ್ಲು, ಕಾರು ಸರ್ವಿಸ್‌ಗೆ ಅಂತ ಹೇಳಿದೆ. ಇದನ್ನ ಅವಳು ಓದಿದ್ರೆ ಇದೆ ನನಗೆ.

ಈಗ ಹಿಂದಕ್ಕೆ ಎರಡು ಹೊಸ ಟೈರು ಬಂದಿವೆ. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಅಪ್ಪನ ಹಳೇ ಪೆನ್ ಗೇಜು, ಒಂದು ಪುಟ್ಟ ನೋಟ್‌ಬುಕ್ಕು. ಭಾನುವಾರ ಬೆಳಗ್ಗೆ ಕಾರು ಓಡಿಸೋಕೆ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆದು ಬರೀತೀನಿ. ಈ ವಾರ 33, 33, 33, 32.

ಆ 32 ಯಾಕೆ ಅಂತ ನೋಡ್ಬೇಕು.