ರಾಯಣ್ಣನಿಗೆ ಏಕವಚನ

ಸಂಗೊಳ್ಳಿ ರಾಯಣ್ಣನನ್ನು ಕುರಿತು ಬರೆಯುವಾಗ ನನ್ನ ವಿದ್ಯಾರ್ಥಿಗಳು ತಪ್ಪದೆ ‘ಅವರು’ ಎನ್ನುತ್ತಾರೆ. ಗೌರವವೇನೋ ಸರಿ, ಆದರೆ ನಮ್ಮ ಕಡೆಯ ಲಾವಣಿಕಾರರಿಗೆ, ಗೀಗೀ ಮೇಳದವರಿಗೆ ಆತ ‘ಅಂವ’ನೇ. ಮನೆಮಗನಿಗೆ ಬಹುವಚನವೆಲ್ಲಿಯದು?

ಕಂಪನಿ ಸರ್ಕಾರದ ಕಣ್ಣಿಗೆ ಆತ ಬರಿಯ ದಂಗೆಕೋರ. 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಕಿತ್ತೂರಿಗಾಗಿ ಕಾದಾಡಿದ. 1830ರಲ್ಲಿ ಹಿಡಿದುಕೊಟ್ಟವರು ನಮ್ಮ ನಾಡಿನವರೇ. ಆ ಮಾತು ಬೇಡ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಮೇಲೆ ಗೆಳೆಯನೊಬ್ಬ ಆಲದ ಸಸಿ ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದವರು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲೆಂದು. ಹುಟ್ಟಿದ ಮೇಲೆ ಅಂಥ ಮಗನನ್ನು ಉಳಿಸಿಕೊಳ್ಳುವುದು ಹೇಗೆಂದು ಮಾತ್ರ ಯಾರೂ ಕೇಳುವುದಿಲ್ಲ.

ಒಮ್ಮೆ ಬೆಳಗಾವಿಯಿಂದ ಖಾನಾಪುರದ ಮೇಲೆ ಹಾಯ್ದು ಅಲ್ಲಿಗೆ ಹೋದಾಗ ನಮ್ಮ ಚಿಗವ್ವನೂ ಜೊತೆಗಿದ್ದಳು. ಅವಳ ಮಗ ಸೈನ್ಯ ಸೇರಿ, ತ್ರಿವರ್ಣ ಹೊದ್ದು ಮನೆಗೆ ಬಂದವನು. ಶೋಕಸಭೆಯಲ್ಲಿ ಹಿರಿಯರೆಲ್ಲ ‘ವೀರಪುತ್ರ’, ‘ಹುತಾತ್ಮ’ ಎಂದು ಕೊಂಡಾಡಿದಾಗ ಅವಳು ತುಟಿ ಬಿಚ್ಚಿರಲಿಲ್ಲ. ರಾಯಣ್ಣನ ತಾಯಿಯ ಹೆಸರು ಕೆಂಚವ್ವ ಎಂದು ನಾನು ದಾರಿಯಲ್ಲಿ ಹೇಳಿದ್ದೆ. ಆಲದ ಬೊಡ್ಡೆಯ ಮೇಲೆ ಕೈಯಿಟ್ಟು ಚಿಗವ್ವ ಕೇಳಿದಳು: “ನಿಮ್ಮವ್ವ ಹ್ಯಾಂಗ ತಡಕೊಂಡಾಳೋ ಯಪ್ಪಾ?”

ಬರುವಾಗ ಬಸ್ಸಿನಲ್ಲಿ, ಎಷ್ಟೋ ದಿನಗಳ ಮೇಲೆ, ತಾನಾಗಿಯೇ ಮಗನ ಮಾತು ತೆಗೆದಳು. ಅಂವಗ ರೊಟ್ಟಿ ಬಿಸೀನ ಬೇಕಿತ್ತಂತೆ. ಮಳೆಗಾಲದಲ್ಲಿ ಮಲಪ್ರಭೆಗೆ ಈಜಲು ಹೋಗಿ ಬೈಸಿಕೊಳ್ಳುತ್ತಿದ್ದನಂತೆ. ರಜೆಗೆ ಬಂದಾಗಲೊಮ್ಮೆ ಅವಳ ಸೀರೆಯನ್ನು ತಾನೇ ಇಸ್ತ್ರಿ ಮಾಡಿ, ಸುಟ್ಟು, ಬಚ್ಚಿಟ್ಟಿದ್ದನಂತೆ. “ಅದು ಇನ್ನೂ ಟ್ರಂಕಿನ್ಯಾಗ ಐತಿ,” ಎಂದಳು.