ಬದಲಾವಣೆಯ ದಿನಚರಿ

ಈ ಶಾಲೆಯಲ್ಲಿ ಓದುತ್ತಿದ್ದಾಗ ನೋಟ್ ಪುಸ್ತಕದ ಅಂಚಿನಲ್ಲಿ ತಾರೀಖು ಇಲ್ಲದಿದ್ದರೆ ಉಪಾಧ್ಯಾಯಿನಿಯರು ಅದನ್ನು ತಿದ್ದದೆ ಹಿಂದಕ್ಕೆ ಕೊಡುತ್ತಿದ್ದರು. ಅದು ಬರಿಯ ಕಟ್ಟುನಿಟ್ಟೆಂದು ನಾವು ಎಣಿಸಿದ್ದೆವು.

ಮುಂದೆ ಒಂದು ಕಚೇರಿಯ ಕಂಪ್ಯೂಟರುಗಳ ಮೇಲ್ವಿಚಾರಣೆಯು ನಮ್ಮ ಪಾಲಿಗೆ ಬಂದಿತು. ಒಂದು ಸಾಯಂಕಾಲ ಮನೆಗೆ ಹೊರಡುವ ಅವಸರದಲ್ಲಿ ಸರ್ವರೊಂದರ ವಿಳಾಸವನ್ನು ಬದಲಾಯಿಸಿ, ಎಲ್ಲಿಯೂ ಬರೆದಿಡದೆ ಹೋದೆವು. ಮರುದಿನ ಸಂಬಳದ ಪಟ್ಟಿಯು ತೆರೆಯಲೇ ಇಲ್ಲ. ರಾತ್ರಿ ಪಾಳಿಯಲ್ಲಿದ್ದ ಕಿರಿಯಳೊಬ್ಬಳ ಮೇಲೆ ತಪ್ಪು ಹೊರಿಸಲಾಯಿತು. ಆಕೆಯು ತಾನು ಮಾಡದ ತಪ್ಪನ್ನು ಮಧ್ಯಾಹ್ನದವರೆಗೂ ಹುಡುಕುತ್ತ ಕಣ್ಣೀರಿಟ್ಟಳು. ನಮ್ಮ ಕೈಕೆಲಸವು ನೆನಪಿಗೆ ಬಂದಾಗ ತಲೆತಗ್ಗಿಸಿ ಒಪ್ಪಿಕೊಂಡೆವು. ಅದನ್ನು ಸರಿಪಡಿಸಲು ಹಿಡಿದುದು ಐದೇ ನಿಮಿಷ!

ಯಂತ್ರದ ದಿನಚರಿ ಹೊಸ ಪದ್ಧತಿಯೇನಲ್ಲ. 1947ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರದ ರಿಲೇಯೊಳಗೆ ಒಂದು ಪತಂಗವು ಸಿಕ್ಕಿತು. ಕೆಲಸದವರು ಅದನ್ನು ಎಸೆಯದೆ, ವೇಳೆಯನ್ನು ನಮೂದಿಸಿ, ದಿನಚರಿಯಲ್ಲಿಯೇ ಅಂಟಿಸಿದರು. ಆ ಪುಸ್ತಕವು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಇಂದಿಗೂ ಇದೆ.

ಆ ದಿನದಿಂದ ನಾವು ಯಂತ್ರವನ್ನು ಮುಟ್ಟುವ ಮೊದಲೇ ಬರೆಯುತ್ತೇವೆ: ಬದಲಾಯಿಸತಕ್ಕದ್ದೇನು, ಕಾರಣವೇನು, ಯಾರು ಒಪ್ಪಿದರು, ಮೊದಲು ಹೇಗಿತ್ತು, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಬಗೆ ಯಾವುದು. ಕೆಲಸ ಮುಗಿದ ಮೇಲೆ ವೇಳೆಯನ್ನೂ ಫಲವನ್ನೂ ಸೇರಿಸಿ ನಮ್ಮ ಹೆಸರನ್ನು ಹಾಕುತ್ತೇವೆ. ಯಂತ್ರವು ಕೆಟ್ಟರೆ ರಿಪೇರಿಯಾದೀತು. ನಿರಪರಾಧಿಯ ಮೇಲೆ ಬಂದ ಸಂಶಯವು ಅಷ್ಟು ಸುಲಭವಾಗಿ ಹೋಗದು.

ಪ್ರಿಯ ಸಹೋದರಿಯರೇ, ಅಂಚಿನ ಆ ತಾರೀಖಿನ ಅರ್ಥವು ನಮಗೆ ತಡವಾಗಿ ತಿಳಿಯಿತು. ತಿದ್ದದೆ ಹಿಂದಕ್ಕೆ ಕೊಟ್ಟ ಆ ಉಪಾಧ್ಯಾಯಿನಿಯರಿಗೆ ನಾವು ಋಣಿಗಳು.