ಶೇ ಕಣಿವೆಯಲ್ಲಿ ಒಂದು ರಾತ್ರಿ

ಪರಸ್ಥಳದಲ್ಲಿ ಅತಿಥಿಯಾಗಿ ಇಳಿದವರು ನೀರು ಎಲ್ಲಿಂದ ಬರುತ್ತದೆಂದು ಮೊದಲು ಕೇಳಬೇಕು. ನಾನು ಕೇಳಲಿಲ್ಲ.

2019ನೆಯ ಇಸವಿಯ ಜೂನ್ ತಿಂಗಳಲ್ಲಿ, ಅಮೆರಿಕದ ಫೀನಿಕ್ಸ್ ನಗರದಲ್ಲಿದ್ದ ನನ್ನ ಮಗನು ನಮ್ಮನ್ನು ಅರಿಜೋನಾ ಪ್ರಾಂತದ ಈಶಾನ್ಯ ಮೂಲೆಯ ‘ಕ್ಯಾನ್ಯನ್ ಡಿ ಶೇ’ ಎಂಬ ಕಣಿವೆಗೆ ಕರೆದುಕೊಂಡು ಹೋದನು. ಅದು ನವಾಹೋ ಜನರ ಸೀಮೆ; ತಮ್ಮನ್ನು ಅವರು ‘ದಿನೆ’, ಎಂದರೆ ಜನ, ಎಂದು ಕರೆದುಕೊಳ್ಳುತ್ತಾರೆ. 1931ರಲ್ಲಿ ಅಮೆರಿಕದ ಸರಕಾರವು ಕಣಿವೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರೂ ನೆಲವು ಅವರದಾಗಿಯೇ ಉಳಿಯಿತು. ಕೆಲವು ಕುಟುಂಬಗಳು ಅಲ್ಲಿ ಇಂದಿಗೂ ಮುಸುಕಿನ ಜೋಳ ಬೆಳೆದು ಕುರಿ ಸಾಕುತ್ತವೆ. ನಾವು ಹೋದಾಗ, ಒಂದೇ ಒಂದು ಕಾಲುದಾರಿಯ ಹೊರತು ಮತ್ತೆಲ್ಲಿಯೂ ಅವರ ಮಾರ್ಗದರ್ಶಕರಿಲ್ಲದೆ ತಳಕ್ಕೆ ಇಳಿಯುವಂತಿರಲಿಲ್ಲ. ಪರರ ಮನೆಯಂಗಳವಾದುದರಿಂದ ಅದು ಸರಿಯೇ.

ನಮ್ಮನ್ನು ಕರೆದೊಯ್ದವರು ಅರುವತ್ತರ ಪ್ರಾಯದ ಒಬ್ಬಾಕೆ ಮತ್ತು ಆಕೆಯ ತಂಗಿಯ ಮಗ. ಅವರ ಲಾರಿಯು ಬತ್ತಿದ ಹೊಳೆಯ ಮರಳಿನಲ್ಲಿಯೇ ಸಾಗಿತು. ಬಾಯಲ್ಲಿ ಮೂವತ್ತು ಅಡಿಯಷ್ಟಿದ್ದ ಕೆಂಪು ಬಂಡೆಯ ಗೋಡೆಗಳು ಒಳಗೊಳಗೆ ಹೋದಂತೆ ಎತ್ತರವಾಗುತ್ತವೆ. ಕೆಲವೆಡೆ ಸಾವಿರ ಅಡಿಯನ್ನೂ ಮುಟ್ಟುತ್ತವೆ.

ಬಿಡಾರ ಹೂಡಿದೊಡನೆ ನಾನು ಮಾಡಿದ ಕೆಲಸವನ್ನು ಹೇಳಲು ಈಗಲೂ ನಾಚಿಕೆ. ಮೈಯೆಲ್ಲ ಧೂಳು. ನಮ್ಮ ಮನೆಯ ರೂಢಿಯಂತೆ ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿ, ಮೊಮ್ಮಗನ ಕಾಲಿಗೂ ಸುರಿದೆನು. ಡಬ್ಬಿಯಲ್ಲಿ ಅರ್ಧ ಖಾಲಿ. ಆ ಯುವಕನು ಏನೂ ಆಡದೆ ಲಾರಿ ಹತ್ತಿ ಹೋದನು. ಮರಳಿದಾಗ ಹೊತ್ತು ಇಳಿದಿತ್ತು. ಆಕೆಯ ಮನೆಗೆ ನಲ್ಲಿಯೇ ಇಲ್ಲವೆಂದೂ, ಆ ಸೀಮೆಯ ಅನೇಕ ಮನೆಗಳವರು ನೀರನ್ನು ದೂರದಿಂದ ಪೀಪಾಯಿಗಳಲ್ಲಿ ತುಂಬಿ ತರುತ್ತಾರೆಂದೂ ಮಗನು ಆಗ ನನಗೆ ತಿಳಿಸಿದನು. ನಾನಾದರೋ ಚಳ್ಳಕೆರೆಯ ಕಡೆಯವಳು, ಎರಡು ಕೊಡ ನೀರಿಗಾಗಿ ಮೈಲಿ ನಡೆದ ಅಜ್ಜಿಯ ಮೊಮ್ಮಗಳು! ನಲ್ಲಿಯ ನೀರು ಅದೆಷ್ಟು ಬೇಗ ಎಲ್ಲವನ್ನೂ ಮರೆಸುತ್ತದೆ. ಕ್ಷಮೆ ಕೇಳಲು ಹೋದರೆ ಆಕೆ ನಕ್ಕು, “ಕಾಲು ತಣ್ಣಗಾದವೆ?” ಎಂದಳು.

ನಾವು ಮಾಂಸ ತಿನ್ನುವವರಲ್ಲವೆಂದು ಅವರಿಗೆ ಮೊದಲೇ ತಿಳಿದಿತ್ತು. ಬೇಯಿಸಿದ ಹುರುಳಿಕಾಯಿ ಬೀಜ, ಸುಟ್ಟ ಜೋಳದ ತೆನೆ, ಕರಿದ ರೊಟ್ಟಿ. ಗೋದಿಹಿಟ್ಟನ್ನು ಉಪ್ಪು, ಸೋಡಾಪುಡಿ ಬೆರೆಸಿ ನಾದಿ, ಲಟ್ಟಣಿಗೆಯಿಲ್ಲದೆ ಅಂಗೈಯಿಂದ ಅಂಗೈಗೆ ತಟ್ಟಿ, ಕಾದ ಎಣ್ಣೆಗೆ ಬಿಡುತ್ತಿದ್ದಳು. ನಮ್ಮ ಪೂರಿಯ ಅಕ್ಕನೆನ್ನಬಹುದು. ರುಚಿಗೆ ಸೋತು ನಾನು, “ಇದು ನಿಮ್ಮ ಎಷ್ಟು ತಲೆಮಾರಿನ ಅಡುಗೆ?” ಎಂದು ಕೇಳಿದೆನು. ಆಕೆ ರೊಟ್ಟಿಯನ್ನು ಮಗುಚಿ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

1864ರ ಜನವರಿಯಲ್ಲಿ ಕಿಟ್ ಕಾರ್ಸನ್ನನ ದಂಡು ಇದೇ ಕಣಿವೆಯನ್ನು ಹೊಕ್ಕಿತು. ಜನರು ಬಂಡೆಗಳನ್ನೇರಿ ಅಡಗಿದರು. ಮನೆಗಳೂ ಕೂಡಿಟ್ಟ ಧಾನ್ಯವೂ ಬೆಂಕಿಗೆ ಆಹುತಿಯಾದುವು. ಅದೇ ವರ್ಷ ಸೈನಿಕರು ಸಾವಿರಾರು ಪೀಚ್ ಮರಗಳನ್ನು ಕಡಿದುರುಳಿಸಿದರು. ಹಸಿವಿಗೂ ಚಳಿಗೂ ಸೋತು ಶರಣಾದ ಎಂಟು ಸಾವಿರಕ್ಕೂ ಮಿಕ್ಕ ಜನರನ್ನು, ಮುನ್ನೂರು ಮೈಲಿಗೂ ದೂರದ ಬೋಸ್ಕೆ ರೆದೊಂದೋ ಎಂಬಲ್ಲಿಗೆ ನಡೆಸಿಕೊಂಡು ಹೋದರು. ಬಸುರಿಯರೂ ಮುದುಕರೂ ದಾರಿಯಲ್ಲಿಯೇ ಉಳಿದರು. ಸೇರಿದ ಸ್ಥಳದಲ್ಲಿಯೋ ನೀರು ಉಪ್ಪು, ಬೆಳೆ ಹುಳುವಿನ ಪಾಲು. ಸೈನಿಕರು ಅಳೆದು ಕೊಟ್ಟದ್ದು ಹಿಟ್ಟು ಮತ್ತು ಕೊಬ್ಬು. 1868ರ ಜೂನ್ 1ರಂದು ಒಡಂಬಡಿಕೆಯಾಗಿ ಅವರು ತಮ್ಮ ನೆಲಕ್ಕೆ ಮರಳಿದರು.

“ಈ ರೊಟ್ಟಿ ಆ ಹಿಟ್ಟಿನದು. ಸೆರೆಯಲ್ಲಿ ಕಲಿತದ್ದು,” ಎಂದಳು.

ಕೈಯಲ್ಲಿದ್ದ ತುಂಡನ್ನು ನುಂಗುವುದೋ ಇಡುವುದೋ ತಿಳಿಯಲಿಲ್ಲ. “ಆದರೂ ಮಾಡುತ್ತೀರಲ್ಲ?” ಎಂದೆನು.

“ಮಕ್ಕಳಿಗೆ ಇಷ್ಟ. ನಿಮಗೂ ಇಷ್ಟವಾಯಿತಲ್ಲ,” ಎಂದು ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದಳು.

ಊಟವಾದ ಮೇಲೆ ಮೊಮ್ಮಗನು ತೋಳನ ಕಥೆ ಬೇಕೆಂದು ಹಟ ಹಿಡಿದನು. ಅವರಲ್ಲಿ ಕಯೋಟಿ ಎಂಬ ಚಿಕ್ಕ ತೋಳನ ಕಥೆಗಳು ಬಹಳವೆಂದು ಎಲ್ಲಿಯೋ ಓದಿದ್ದನಂತೆ. ಆಕೆ ತಲೆಯಾಡಿಸಿದಳು. ಆ ಕಥೆಗಳು ಚಳಿಗಾಲಕ್ಕೆ ಮೀಸಲು. ಹಾವೂ ಕರಡಿಯೂ ಮಲಗಿರುವಾಗ, ಮೊದಲನೆಯ ಗುಡುಗು ಕೇಳುವುದರೊಳಗೆ ಹೇಳಿ ಮುಗಿಸಬೇಕು. ಹುಡುಗನು ಮುಖ ಊದಿಸಿಕೊಂಡು ಮಲಗಿದನು. ನನಗೆ ಹೇಳಿದ ಕಥೆಗೆ ಋತುವಿನ ಕಟ್ಟಿರಲಿಲ್ಲವೆಂಬುದು ಹಾಸಿಗೆಯಲ್ಲಿ ಹೊರಳುವಾಗ ಹೊಳೆಯಿತು.

ಹಗಲು ಬೆಂದ ಮರಳು ನಡುರಾತ್ರಿಗೆ ನಡುಗಿಸುವಷ್ಟು ತಣ್ಣಗಾಯಿತು. ಎರಡು ಗೋಡೆಗಳ ನಡುವೆ ಆಕಾಶವೇ ಒಂದು ಹೊಳೆಯಂತೆ ಕಾಣುತ್ತಿತ್ತು.

ಬೆಳಕು ಹರಿಯುವ ಮುನ್ನ ಎಚ್ಚರವಾಯಿತು. ಆಕೆ ದೂರದಲ್ಲಿ ಮೂಡಲಿಗೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ಒಂದು ಪುಟ್ಟ ಚೀಲ. ನೋಡಬೇಕೆಂಬ ಆಸೆಯಾದರೂ ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡೆನು.

ಎದ್ದು ಒಂದು ಲೋಟ ನೀರು ತೆಗೆದುಕೊಂಡೆನು. ಬಿಡಾರದ ಹಿಂದೆ, ಬೇಲಿಯ ಬದಿಗೆ, ಒಂದು ಎಳೆಯ ಪೀಚ್ ಗಿಡವಿತ್ತು. ಅದರ ಬುಡದಲ್ಲಿಯೇ ಕುಳಿತು ಮುಖ ತೊಳೆದೆನು. ಆಕೆ ಒಲೆ ಊದುತ್ತಿದ್ದವಳು ಒಮ್ಮೆ ತಿರುಗಿ ನೋಡಿ, ಕಾಫಿಗೆ ನೀರಿಟ್ಟಳು.